ಮಂಚದಡಿ ನುಸುಳುವ ಮೇಜು, ಒಂದೇ ತೋಳಿನ ಕುರ್ಚಿ: ಐಲೀನ್ ಗ್ರೇ ಪೀಠೋಪಕರಣಗಳಲ್ಲಿ ನಿಮ್ಮ ಮನೆಗೆ ಯಾವುದು?

ಐರ್ಲೆಂಡಿನ ವಿನ್ಯಾಸಗಾರ್ತಿ ಐಲೀನ್ ಗ್ರೇಯ ಮೇಜನ್ನು ಕೊಳ್ಳಬೇಕೆಂದಿರುವವರು ಮೊದಲು ಬಗ್ಗಿ ತಮ್ಮ ಮಂಚದ ಅಡಿಯನ್ನು ನೋಡಿಕೊಳ್ಳಬೇಕು. ಅಲ್ಲಿ ಮೂರ್ನಾಲ್ಕು ಬೆರಳಿನಷ್ಟಾದರೂ ಸಂದು ಇದ್ದರೆ ಮುಂದಿನ ಮಾತು. ಹಲಗೆ ಎತ್ತಿದರೆ ಕಂಬಳಿ, ಹಳೆಯ ಸೂಟ್‌ಕೇಸು, ಮದುವೆಯಲ್ಲಿ ಬಂದ ಪಾತ್ರೆಗಳೆಲ್ಲ ಕಾಣುವ ಪೆಟ್ಟಿಗೆ ಮಂಚ ನಿಮ್ಮದಾದರೆ, ಆ ಮೇಜಿನ ಅರ್ಧ ಗುಣ ಅಲ್ಲಿಗೇ ಮುಗಿಯಿತು. ಅದರ ಕಾಲು ಮಂಚದ ಕೆಳಗೆ ನುಸುಳಬೇಕು, ಗಾಜು ಮಾತ್ರ ಹಾಸಿಗೆಯ ಮೇಲೆ ಬಂದು ನಿಲ್ಲಬೇಕು. ಅದು ಹುಟ್ಟಿದ್ದೇ ಆ ಕೆಲಸಕ್ಕೆ.

ಬೆಂಗಳೂರಿನ ಪೀಠೋಪಕರಣದ ಅಂಗಡಿಗಳಲ್ಲಿ, ಹೋಟೆಲುಗಳ ಮೊಗಸಾಲೆಯಲ್ಲಿ ನೀವು ಇದನ್ನು ನೋಡಿಯೇ ಇರುತ್ತೀರಿ. ಉಕ್ಕಿನ ಕೊಳವೆಯನ್ನು ಬಾಗಿಸಿ ಮಾಡಿದ ಎರಡು ಬಳೆ, ಮೇಲಿನ ಬಳೆಯಲ್ಲಿ ದುಂಡು ಗಾಜು, ಎರಡನ್ನೂ ಸೇರಿಸುವ ಕಂಬ ನಡುವೆ ಇರದೆ ಒಂದಂಚಿಗೆ ಸರಿದಿದೆ. ಅಂಗಡಿಯವರು ಅದನ್ನು ಸೈಡ್ ಟೇಬಲ್ ಎಂದಷ್ಟೇ ಕರೆಯುತ್ತಾರೆ. ಮಾಡಿದವರ ಹೆಸರು ಯಾರೂ ಹೇಳುವುದಿಲ್ಲ. ನಮ್ಮ ಮನೆಯಲ್ಲೂ ಅಂಥದೊಂದು ಇದೆ. ಅದೂ ನಕಲೇ, ಅದರ ಕಥೆಯನ್ನು ಕೊನೆಗೆ ಹೇಳುತ್ತೇನೆ. ಅದನ್ನು ನೋಡಿದವರೆಲ್ಲ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಇವರದು ಬೇರೆ ಏನೇನಿದೆ, ಯಾವುದನ್ನು ತಂದರೆ ಒಳ್ಳೆಯದು?

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಚಿತ್ರ ನೋಡಿ ಆರಿಸಬೇಡಿ. ನಿಮ್ಮ ಮೈಗೆ ಎಲ್ಲಿ ತೊಡಕಾಗುತ್ತಿದೆ ಎಂದು ಕೇಳಿಕೊಂಡು ಆರಿಸಿ. ಗ್ರೇ ಮಾಡಿದ ಒಳ್ಳೆಯ ವಸ್ತುಗಳೆಲ್ಲ ಯಾರದೋ ಒಂದು ಸಣ್ಣ ಕಿರಿಕಿರಿಗೆ ಕೊಟ್ಟ ಉತ್ತರ. ಹಾಸಿಗೆಯಲ್ಲೇ ತಿಂಡಿ ತಿನ್ನುವ ತಂಗಿಯೋ ಅಕ್ಕನೋ, ಒಂದು ಕಡೆಗೆ ವಾಲಿ ಕೂರುವ ಗೆಳೆಯ, ಕತ್ತಿನ ಹಿಂಭಾಗ ಕಾಣದೆ ಪರದಾಡುವ ಅತಿಥಿ. ಆ ತೊಡಕು ನಿಮ್ಮದೂ ಆಗಿದ್ದರೆ ಆ ವಸ್ತು ನಿಮಗೆ ಒಗ್ಗುತ್ತದೆ. ಇಲ್ಲವಾದರೆ ಅದು ದುಬಾರಿ ಬೊಂಬೆ.

ಯಾರು ಈಕೆ

ಐಲೀನ್ ಗ್ರೇ ಹುಟ್ಟಿದ್ದು 1878ರ ಆಗಸ್ಟ್ 9ರಂದು, ಐರ್ಲೆಂಡಿನ ವೆಕ್ಸ್‌ಫರ್ಡ್ ಜಿಲ್ಲೆಯ ಎನಿಸ್ಕಾರ್ಥಿ ಬಳಿಯ ಸಿರಿವಂತರ ಮನೆಯಲ್ಲಿ. ಲಂಡನ್ನಿನ ಸ್ಲೇಡ್ ಕಲಾಶಾಲೆಯಲ್ಲಿ ಚಿತ್ರ ಕಲಿತರು. ಅದು ರುಚಿಸಲಿಲ್ಲ, ಅಲ್ಲಿಯೇ ಸೋಹೋದ ಒಂದು ದುರಸ್ತಿ ಅಂಗಡಿಯಲ್ಲಿ ಲ್ಯಾಕರ್ ಕೆಲಸ, ಅಂದರೆ ಮರಕ್ಕೆ ಪದರಪದರವಾಗಿ ಹೊಳಪಿನ ಲೇಪ ಕೊಡುವ ಕೆಲಸ ನೋಡಿ ಅದರ ಬೆನ್ನು ಹತ್ತಿದರು. ಪ್ಯಾರಿಸ್ಸಿಗೆ ಹೋದ ಮೇಲೆ ಜಪಾನಿನಿಂದ ಬಂದಿದ್ದ ಸುಗವಾರ ಎಂಬ ಕುಶಲಕರ್ಮಿ ಅವರಿಗೆ ಗುರುವಾದರು. 1907ರಲ್ಲಿ ಪ್ಯಾರಿಸ್ಸಿನ ರ‍್ಯು ಬೊನಪಾರ್ಟ್ ಬೀದಿಯ 21ನೇ ನಂಬರಿನ ಮನೆಗೆ ಬಂದವರು 1976ರಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಅದನ್ನು ಬಿಡಲಿಲ್ಲ. 1922ರಲ್ಲಿ ತೆರೆದ ಅಂಗಡಿಗೆ ತಮ್ಮ ಹೆಸರನ್ನು ಇಡದೆ, ಇಲ್ಲದ ಗಂಡಸೊಬ್ಬನನ್ನು ಹುಟ್ಟಿಸಿ ಅವನ ಹೆಸರಿಟ್ಟರು: ಜಾನ್ ದೆಸೆರ್. 1930ರಲ್ಲಿ ಅದು ಮುಚ್ಚಿತು.

ಇಲ್ಲಿ ಮುಖ್ಯವಾಗುವುದು ಒಂದು ಮನೆ. 1926ರಿಂದ 1929ರ ನಡುವೆ ಫ್ರಾನ್ಸಿನ ದಕ್ಷಿಣ ಕರಾವಳಿಯ ರೋಕ್‌ಬ್ರೂನ್ ಕ್ಯಾಪ್ ಮಾರ್ಟಿನ್‌ನಲ್ಲಿ, ರುಮೇನಿಯಾ ಮೂಲದ ವಾಸ್ತುಶಿಲ್ಪಿ ಹಾಗೂ ಪತ್ರಿಕಾ ಸಂಪಾದಕ ಜಾನ್ ಬದೋವಿಚಿಗಾಗಿ ಗ್ರೇ ಬಂಡೆಯ ಮೇಲೊಂದು ಬಿಳಿ ಮನೆ ಕಟ್ಟಿದರು. ಹೆಸರು ಇ 1027. ಒಗಟಿನ ಹಾಗೆ ಕಾಣುವ ಈ ಹೆಸರನ್ನು ಬಿಡಿಸುವುದು ಸುಲಭ. ಇ ಎಂದರೆ ಐಲೀನ್. 10 ಎಂದರೆ ರೋಮನ್ ವರ್ಣಮಾಲೆಯ ಹತ್ತನೆಯ ಅಕ್ಷರ, ಜಾನ್‌ನ ಜೆ. 2 ಎಂದರೆ ಬದೋವಿಚಿಯ ಬಿ. 7 ಎಂದರೆ ಗ್ರೇಯ ಜಿ. ಅವನ ಹೆಸರನ್ನು ತನ್ನ ಹೆಸರಿನ ನಡುವೆ ಸುತ್ತಿಟ್ಟುಕೊಂಡ ಹಾಗೆ. ಆಗ ಅವರಿಗೆ ಐವತ್ತು ವರ್ಷ. ಮನೆಯ ಬಾಗಿಲಿನ ಬಳಿ ಗೋಡೆಯ ಮೇಲೆ ಫ್ರೆಂಚಿನಲ್ಲಿ ‘ಮೆಲ್ಲಗೆ ಒಳಗೆ ಬನ್ನಿ’ ಎಂದು ಬರೆಸಿದರು. ಹೆಸರಾಂತ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ಮನೆಯನ್ನು ವಾಸದ ಯಂತ್ರ ಎಂದು ಕರೆದಿದ್ದ ಕಾಲ ಅದು. ಗ್ರೇಗೆ ಆ ಮಾತು ಒಪ್ಪಿಗೆಯಾಗಿರಲಿಲ್ಲ; ಮನೆ ಮನುಷ್ಯನಿಗೆ ಚಿಪ್ಪು, ಯಂತ್ರವಲ್ಲ ಎಂಬುದು ಅವರ ವಾದ.

ಅದೇ ಲ ಕಾರ್ಬೂಸಿಯೆ 1938 ಮತ್ತು 39ರಲ್ಲಿ, ಗ್ರೇ ಆ ಮನೆ ಬಿಟ್ಟುಹೋದ ಮೇಲೆ, ಅವರ ಒಪ್ಪಿಗೆ ಕೇಳದೆ ಆ ಬಿಳಿ ಗೋಡೆಗಳ ಮೇಲೆ ಚಿತ್ರ ಬರೆದರು. ಮುಂದೆ ಅದರ ಪಕ್ಕದಲ್ಲೇ ತಮ್ಮದೊಂದು ಗುಡಿಸಲು ಕಟ್ಟಿಕೊಂಡು, 1965ರಲ್ಲಿ ಅದೇ ಕಡಲಲ್ಲಿ ಈಜುವಾಗ ತೀರಿಕೊಂಡರು. ಮನೆಯನ್ನು ಕಟ್ಟಿದವಳು ಗ್ರೇ ಎಂಬುದನ್ನೇ ಬಹಳ ಜನ ಮರೆತಿದ್ದರು. 1968ರಲ್ಲಿ ಇತಿಹಾಸಕಾರ ಜೋಸೆಫ್ ರಿಕ್‌ವರ್ಟ್ ಅವರ ಬಗ್ಗೆ ಬರೆದ ಲೇಖನ, 1972ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಹರಾಜು, 1973ರಲ್ಲಿ ಲಂಡನ್ನಿನ ಪೀಠೋಪಕರಣ ವ್ಯಾಪಾರಿ ಜೀವ್ ಅರಾಮ್ ಜೊತೆ ಆದ ಒಪ್ಪಂದ: ಈ ಮೂರು ಸೇರಿ ತೊಂಬತ್ತರ ಗಡಿ ದಾಟಿದ ಅಜ್ಜಿಯ ವಸ್ತುಗಳು ಮತ್ತೆ ತಯಾರಾಗತೊಡಗಿದವು. ಇಂದು ಅಂಗಡಿಯಲ್ಲಿ ಸಿಗುವ ಅಧಿಕೃತ ಗ್ರೇ ಮೇಜು ಆ ಕೊನೆಯ ವರ್ಷಗಳ ಫಲ.

ಮೇಜು: ಒಂದೇ ತರುವುದಾದರೆ ಇದನ್ನೇ

ಮನೆಯ ಹೆಸರನ್ನೇ ಹೊತ್ತ ಇ 1027 ಮೇಜಿನ ಗಾಜು ಸುಮಾರು 51 ಸೆಂಟಿಮೀಟರ್ ಅಗಲ, ನಮ್ಮ ಬಡಗಿಗಳ ಲೆಕ್ಕದಲ್ಲಿ ಇಪ್ಪತ್ತು ಇಂಚು. ಎತ್ತರವನ್ನು ಸುಮಾರು 64 ಸೆಂಟಿಮೀಟರಿನಿಂದ 102ರವರೆಗೆ ಏರಿಸಬಹುದು. ಕೊಳವೆಯೊಳಗೊಂದು ಕೊಳವೆ, ಸಾಲಾಗಿ ರಂಧ್ರಗಳು, ಸಣ್ಣ ಸರಪಳಿಗೆ ಕಟ್ಟಿದ ಸೂಜಿಯನ್ನು (ಲೋಹದ ಪಿನ್ನನ್ನು) ಬೇಕಾದ ರಂಧ್ರಕ್ಕೆ ಸಿಕ್ಕಿಸಿದರೆ ಮುಗಿಯಿತು. ಯಂತ್ರವಿದ್ಯೆ ಅಷ್ಟೇ.

ಹಾಸಿಗೆಯಲ್ಲಿ ಕೂತು ಬೆಳಗಿನ ತಿಂಡಿ ತಿನ್ನುವ ಸೋದರಿಗಾಗಿ ಗ್ರೇ ಇದನ್ನು ಮಾಡಿದರೆಂಬ ಮಾತು ಬಳಕೆಯಲ್ಲಿದೆ. ಹಾಸಿಗೆಯ ಮೇಲೆ ಕೂತು ತಿಂದರೆ ದರಿದ್ರ ಬರುತ್ತದೆ ಎಂದು ಕೇಳಿ ಬೆಳೆದ ನಮಗೆ ಇದು ಸ್ವಲ್ಪ ಕಸಿವಿಸಿ. ಆದರೆ ಅದೇ ಮನೆಯಲ್ಲಿ ಮಂಡಿ ಶಸ್ತ್ರಚಿಕಿತ್ಸೆ ಆದ ತಾಯಿಯೋ, ಬಾಣಂತಿಯೋ, ಜ್ವರದ ಮಗುವೋ ಮಲಗಿದ್ದಾಗ ಗಂಜಿಯ ಬಟ್ಟಲನ್ನು ಎಲ್ಲಿಡುವುದು? ಸ್ಟೂಲು ತಗ್ಗು, ಊಟದ ಮೇಜು ದೂರ, ಮಡಿಲಲ್ಲಿ ತಟ್ಟೆ ಇಟ್ಟರೆ ಚೆಲ್ಲುತ್ತದೆ. ಈ ಮೇಜು ಅಲ್ಲಿ ಬಂದು ನಿಲ್ಲುತ್ತದೆ. ಸೋಫಾದಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡುವವರಿಗೂ ಹಾಗೆಯೇ: ಕೆಳಗಿನ ಬಳೆ ಸೋಫಾದ ಅಡಿಗೆ, ಮೇಲಿನ ಗಾಜು ತೊಡೆಯ ಮೇಲಕ್ಕೆ. ಪೂರ್ತಿ ಏರಿಸಿದರೆ ನಿಂತು ಕಾಫಿ ಕುಡಿಯುವವರ ಲೋಟಕ್ಕೂ ಎಟಕುತ್ತದೆ.

ಇದಕ್ಕೆ ಪೈಪೋಟಿ ಕೊಡುವುದು ಅದೇ ಕಾಲದ ವಿನ್ಯಾಸಗಾರ ಮಾರ್ಸೆಲ್ ಬ್ರಾಯರ್ ಮಾಡಿದ, ಒಂದರೊಳಗೊಂದು ಸೇರಿಕೊಳ್ಳುವ ಉಕ್ಕಿನ ಕೊಳವೆಯ ಮೇಜುಗಳು. ಅವೂ ಅದೇ ಇಪ್ಪತ್ತರ ದಶಕದವು. ನೆಂಟರು ಹೆಚ್ಚಾಗಿ ಬರುವ ಮನೆಗೆ, ನಾಲ್ಕು ಜನರ ಮುಂದೆ ನಾಲ್ಕು ಮೇಜು ಇಡಬೇಕಾದಲ್ಲಿ, ಬ್ರಾಯರ್ ಗೆಲ್ಲುತ್ತಾನೆ. ಎರಡೂ ಬದಿಗೆ ಆಸರೆ ಇರುವುದರಿಂದ ಮಕ್ಕಳು ಹತ್ತಿದರೂ ಅವು ಮಗುಚುವ ಭಯ ಕಡಿಮೆ. ಗ್ರೇ ಮೇಜಿಗೆ ಆ ಧೈರ್ಯ ಇಲ್ಲ. ಕಂಬ ಒಂದೇ ಬದಿಗಿರುವುದರಿಂದ ಎದುರಂಚಿನ ಮೇಲೆ ಕೈಯೂರಿ ಎದ್ದರೆ ಅದು ವಾಲುತ್ತದೆ. ಮೊಣಕೈ ಊರಿ ಪತ್ರಿಕೆ ಓದುವ ಹಿರಿಯರಿಗೆ ಇದು ಬೇಡ. ಅಂಬೆಗಾಲಿಡುವ, ಸಿಕ್ಕಿದ್ದನ್ನು ಹಿಡಿದು ಎದ್ದು ನಿಲ್ಲುವ ಮಗು ಇದ್ದರಂತೂ ಎರಡು ವರ್ಷ ತಡೆಯಿರಿ.

ಗಾಜಿನ ವಿಷಯ. ಬಣ್ಣವಿಲ್ಲದ ಗಾಜು ಕಣ್ಣಿಗೆ ಹಗುರ, ಚಿಕ್ಕ ಕೋಣೆಯಲ್ಲಿ ಮೇಜು ಇದೆಯೆಂದೇ ಅನಿಸುವುದಿಲ್ಲ. ಆದರೆ ಬೆರಳಿನ ಗುರುತು, ಕಾಫಿ ಲೋಟದ ಉಂಗುರ ಎಲ್ಲ ಕಾಣುತ್ತದೆ. ಹೊಗೆ ಬಣ್ಣದ ಗಾಜಿನಲ್ಲೂ, ಕಪ್ಪು ಲೋಹದ ತಟ್ಟೆ ಕೂರಿಸಿದ್ದರಲ್ಲೂ ಒರೆಸುವ ಕೆಲಸ ಅರ್ಧ. ಬಿಸಿ ಪಾತ್ರೆ ನೇರ ಇಡುವ ಮನೆಯವರಿಗೆ ಲೋಹದ್ದೇ ಮೇಲು.

ಕುರ್ಚಿಗಳಲ್ಲಿ ಮೂರು, ಜೊತೆಗೆ ಪಕ್ಕದ ಮನೆಯದೊಂದು

ಬಿಬೆಂಡಮ್ ಎಲ್ಲರಿಗೂ ಮೊದಲು ಕಣ್ಣಿಗೆ ಬೀಳುವ ಕುರ್ಚಿ. ಲಾರಿ ಟೈರಿನ ಜಾಹೀರಾತುಗಳಲ್ಲಿ ಟೈರುಗಳನ್ನೇ ಮೈಮಾಡಿಕೊಂಡ ದಪ್ಪ ಮನುಷ್ಯನೊಬ್ಬ ಇರುತ್ತಾನಲ್ಲ, ಆ ಮಿಷೆಲಿನ್ ಬೊಂಬೆಯ ಹೆಸರು ಬಿಬೆಂಡಮ್. ಕುರ್ಚಿಯ ಬೆನ್ನೂ ತೋಳೂ ಆ ಬೊಂಬೆಯ ಹೊಟ್ಟೆಯ ಹಾಗೆ ಒಂದರ ಮೇಲೊಂದು ಇಟ್ಟ ಚರ್ಮದ ಸುರುಳಿ. ಕೆಳಗೆ ತೆಳ್ಳನೆಯ ಉಕ್ಕಿನ ಚೌಕಟ್ಟು. ಆ ಕಾಲದಲ್ಲಿ ಗಂಡಸರು ಮಾಡಿದ ಉಕ್ಕಿನ ಕುರ್ಚಿಗಳೆಲ್ಲ ಎಲುಬು ತೋರಿಸಿಕೊಂಡು ನಿಂತಿದ್ದಾಗ, ಗ್ರೇ ಅದಕ್ಕೆ ಮಾಂಸ ತುಂಬಿ ನಕ್ಕರು. ಆಧುನಿಕ ಪೀಠೋಪಕರಣಗಳಲ್ಲಿ ಹಾಸ್ಯ ಇರುವವು ಕಡಿಮೆ. ಇದು ಅವುಗಳಲ್ಲಿ ಒಂದು.

ಕೂತರೆ ಸುಖವೇ. ಮಡಿಲಲ್ಲಿ ಕೂರಿಸಿಕೊಂಡ ಹಾಗೆ ಮೂರು ಕಡೆಯಿಂದ ಆತುಕೊಳ್ಳುತ್ತದೆ. ಆದರೆ ಅಗಲ ಸುಮಾರು 90 ಸೆಂಟಿಮೀಟರ್, ಮೂರು ಅಡಿಗೆ ಒಂದಿಷ್ಟೇ ಕಡಿಮೆ. ಸುತ್ತಲೂ ಜಾಗ ಬಿಟ್ಟು, ಹಿಂದಿನಿಂದಲೂ ಕಾಣುವ ಹಾಗೆ ಇಟ್ಟರೆ ಮಾತ್ರ ಚೆಂದ. ಗೋಡೆಗೆ ಒತ್ತಿಟ್ಟರೆ ಗೋದಾಮಿನ ಮೂಟೆ. ಹತ್ತಡಿ ಹನ್ನೆರಡಡಿಯ ನಮ್ಮ ಅಪಾರ್ಟ್‌ಮೆಂಟ್ ಹಾಲುಗಳಲ್ಲಿ, ಟಿವಿ, ದಿವಾನ, ಚಪ್ಪಲಿ ಗೂಡಿನ ನಡುವೆ ಇದನ್ನು ತುರುಕುವುದನ್ನು ನಾನು ಒಪ್ಪುವುದಿಲ್ಲ. ಚರ್ಮ ಇನ್ನೊಂದು ಸಮಸ್ಯೆ. ಏಪ್ರಿಲ್ ಸೆಕೆಯಲ್ಲಿ ಕಲಬುರಗಿಯಲ್ಲೋ ಮಂಗಳೂರಿನಲ್ಲೋ ಬರಿ ತೋಳಿಗೆ ಅದು ಅಂಟುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ಬೂಷ್ಟು ಹಿಡಿಯುತ್ತದೆ. ಬಟ್ಟೆ ಹೊದಿಸಿದ್ದು ಸಿಗುವುದಾದರೆ ಬಟ್ಟೆಯದನ್ನೇ ಕೇಳಿ.

ಟ್ರಾನ್ಸಾಟ್ ನನ್ನ ಪಾಲಿಗೆ ಗ್ರೇಯ ಅತ್ಯುತ್ತಮ ಕುರ್ಚಿ. ಅಟ್ಲಾಂಟಿಕ್ ದಾಟುವ ಹಡಗುಗಳ ಡೆಕ್ಕಿನ ಮೇಲೆ ಹಾಕುತ್ತಿದ್ದ ಬಟ್ಟೆ ಕುರ್ಚಿಯಿಂದ ಹೆಸರೂ ಬಂತು, ಆಲೋಚನೆಯೂ ಬಂತು. ಇಪ್ಪತ್ತರ ದಶಕದ ನಡುವಿನಲ್ಲಿ ರೂಪುಗೊಂಡು, 1930ರಲ್ಲಿ ಪೇಟೆಂಟ್ ಪಡೆಯಿತು. ಮರದ ನೇರ ಚೌಕಟ್ಟು, ಕೀಲುಗಳಲ್ಲಿ ಲೋಹ, ನಡುವೆ ಜೋಲಿಯ ಹಾಗೆ ಇಳಿಬಿಟ್ಟ ಒಂದೇ ಉದ್ದದ ಮೆತ್ತೆ, ತಲೆಯ ಭಾಗ ಮಾತ್ರ ಬೇಕಾದ ಕೋನಕ್ಕೆ ತಿರುಗುತ್ತದೆ. ಕತ್ತು ನೋವಿನವರು ಈ ಕೊನೆಯ ಮಾತನ್ನು ಗಮನಿಸಿ.

ಇದನ್ನು ನಾವು ಹೊಸದಾಗಿ ಅರ್ಥ ಮಾಡಿಕೊಳ್ಳಬೇಕಿಲ್ಲ. ಅಜ್ಜಂದಿರ ಜಗಲಿಯ ಆರಾಮ ಕುರ್ಚಿ, ಮಡಿಚಿ ಗೋಡೆಗೆ ಒರಗಿಸುತ್ತಿದ್ದ ಪಟ್ಟೆಪಟ್ಟೆ ಬಟ್ಟೆಯದು, ಇದರ ದಾಯಾದಿಯೇ. ಕೊಡಗು, ಚಿಕ್ಕಮಗಳೂರಿನ ತೋಟದ ಬಂಗಲೆಗಳಲ್ಲಿ ಕಾಲು ಚಾಚಿಕೊಳ್ಳಲು ತೋಳನ್ನೇ ಉದ್ದ ಮಾಡಿದ ಬೆತ್ತದ ಕುರ್ಚಿಯೂ ಅದೇ ಬಳಗ. ಅಂಥ ಕುರ್ಚಿಯಲ್ಲಿ ಮಧ್ಯಾಹ್ನ ಕಳೆದ ನೆನಪಿರುವವರಿಗೆ ಟ್ರಾನ್ಸಾಟ್ ತಕ್ಷಣ ಹಿಡಿಸುತ್ತದೆ.

ಭಾರತಕ್ಕೂ ಇದಕ್ಕೂ ನಿಜವಾದ ನಂಟೊಂದಿದೆ. ಇಂದೋರಿನ ಮಹಾರಾಜ ಯಶವಂತರಾವ್ ಹೋಳ್ಕರ್ ಮೂವತ್ತರ ದಶಕದ ಆರಂಭದಲ್ಲಿ ಜರ್ಮನಿಯ ಎಕಾರ್ಟ್ ಮುಥೇಸಿಯಸ್ ಕೈಯಲ್ಲಿ ಕಟ್ಟಿಸಿದ ಮಾಣಿಕ್ ಬಾಗ್ ಅರಮನೆಗೆ ಟ್ರಾನ್ಸಾಟ್ ಕುರ್ಚಿಗಳನ್ನು ತರಿಸಿದ್ದರು. ಅರಮನೆಯೆಂದರೆ ಸಿಂಹದ ಕಾಲಿನ ಬೆಳ್ಳಿ ಆಸನ ಎಂದುಕೊಂಡಿದ್ದ ಕಾಲದಲ್ಲಿ ಇಪ್ಪತ್ತೈದು ದಾಟದ ರಾಜನೊಬ್ಬ ಇಂಥದ್ದನ್ನು ಆರಿಸಿದ. 1980ರಲ್ಲಿ ಮೊನಾಕೋದ ಹರಾಜಿನಲ್ಲಿ ಅರಮನೆಯ ವಸ್ತುಗಳು ಚದುರಿಹೋದವು. ಆ ಕಟ್ಟಡ ಈಗ ತೆರಿಗೆ ಇಲಾಖೆಯ ಕಚೇರಿ.

ಮೂರನೆಯದು, ಒಂದೇ ತೋಳಿನ ಕುರ್ಚಿ. 1926ರದು, ಹೆಸರು ನಾನ್ ಕನ್‌ಫಾರ್ಮಿಸ್ಟ್. ಹೇಳಿದಂತೆ ಕೇಳದವನು ಎಂದಿಟ್ಟುಕೊಳ್ಳಿ. ಬಲಕ್ಕೋ ಎಡಕ್ಕೋ ತಿರುಗಿ ಕೂತು ಮಾತಾಡುವವರಿಗೆ ಎರಡನೆಯ ತೋಳು ಅಡ್ಡಿ, ಆದ್ದರಿಂದ ಅದನ್ನು ತೆಗೆದುಬಿಟ್ಟರು. ಕೇಳಿದರೆ ತಮಾಷೆ ಎನಿಸುತ್ತದೆ. ಆದರೆ ಸೀರೆ ಉಟ್ಟವರು, ಮಗುವನ್ನು ಒಂದು ಕಂಕುಳಲ್ಲಿ ಎತ್ತಿಕೊಂಡವರು, ಕುರ್ಚಿಯ ಮೇಲೆ ಒಂದು ಕಾಲು ಮಡಿಚಿ ಕೂರುವ ನಮ್ಮಂಥವರು ಒಮ್ಮೆ ಕೂತು ನೋಡಬೇಕು. ವೀಣೆಯನ್ನೋ ಗಿಟಾರನ್ನೋ ತೊಡೆಯ ಮೇಲೆ ಇಟ್ಟುಕೊಳ್ಳುವವರಿಗೂ ಎರಡು ತೋಳಿನ ಕುರ್ಚಿಯ ಸಂಕಟ ಗೊತ್ತು. ಚಿಕ್ಕ ಮನೆಗೆ ಮೂರರಲ್ಲಿ ಇದೇ ಸರಿ. ಬಿಬೆಂಡಮ್ ನುಂಗುವ ಜಾಗದಲ್ಲಿ ಇದು ಇದ್ದೂ ಇಲ್ಲದಂತೆ ನಿಲ್ಲುತ್ತದೆ. ಆದರೆ ಏಳುವಾಗ ಎರಡೂ ಕೈ ಊರಬೇಕಾದ ಮಂಡಿನೋವಿನವರಿಗೆ ಕೊಡಬೇಡಿ.

ಇನ್ನು ಪಕ್ಕದ ಮನೆಯದು. ಒರಗಿ ಮಲಗುವ ಕುರ್ಚಿ ಬೇಕೆನ್ನುವವರು ಬಹುತೇಕ ಶಾರ್ಲಾಟ್ ಪೆರಿಯಾಂ ಕಡೆ ಹೋಗುತ್ತಾರೆ, ಹೋಗಲಿ. ಪೆರಿಯಾಂ 1903ರಲ್ಲಿ ಹುಟ್ಟಿ 1999ರವರೆಗೆ ಬದುಕಿದ ಫ್ರೆಂಚ್ ವಿನ್ಯಾಸಗಾರ್ತಿ. 1927ರಲ್ಲಿ ಲ ಕಾರ್ಬೂಸಿಯೆ ಬಳಿ ಕೆಲಸ ಕೇಳಿ ಹೋದಾಗ, ಇಲ್ಲಿ ನಾವು ದಿಂಬಿಗೆ ಕಸೂತಿ ಹಾಕುವುದಿಲ್ಲ ಎಂದು ಆತ ಸಾಗಹಾಕಿದ ಕಥೆ ಪ್ರಸಿದ್ಧ. ಆಮೇಲೆ ಆಕೆಯ ಪ್ರದರ್ಶನ ನೋಡಿ ತಾನೇ ಕರೆದುಕೊಂಡ. 1928ರ ಆ ಒರಗು ಕುರ್ಚಿ ಈಗಲೂ ಇಟಲಿಯ ಕಸೀನಾ ಕಂಪನಿಯಲ್ಲಿ ತಯಾರಾಗುತ್ತದೆ. ಬಹಳ ಕಾಲ ಲ ಕಾರ್ಬೂಸಿಯೆ ಹೆಸರೊಂದೇ ಅದರ ಮೇಲೆ ಓಡಾಡಿತು. ಪೆರಿಯಾಂ ಮತ್ತು ಲ ಕಾರ್ಬೂಸಿಯೆಯ ಜೊತೆಗಾರ ಪಿಯೇರ್ ಜಾನ್ನರೆ ಹೆಸರು ಸೇರಿಸಿ ಹೇಳುವುದು ನ್ಯಾಯ.

ಮಲಗುವ ಸುಖದಲ್ಲಿ ಅದು ಟ್ರಾನ್ಸಾಟ್‌ಗಿಂತ ಒಂದು ಕೈ ಮೇಲೆ. ಬೆನ್ನು, ಸೊಂಟ, ಮಂಡಿ ಎಲ್ಲದಕ್ಕೂ ಆಸರೆ ಇದೆ. ತೊಂದರೆ ಏನೆಂದರೆ, ಕೋನ ಬದಲಿಸಲು ಎದ್ದು ಇಳಿಯಬೇಕು, ಮೇಲಿನ ತೊಟ್ಟಿಲನ್ನು ಕೆಳಗಿನ ಪೀಠದ ಮೇಲೆ ಸರಿಸಬೇಕು, ಮತ್ತೆ ಏರಬೇಕು. ಕಣ್ಣು ಮುಚ್ಚುವಷ್ಟರಲ್ಲಿ ಎಚ್ಚರವಾಗಿಬಿಡುತ್ತದೆ. ಜೊತೆಗೆ ಅದರಲ್ಲಿ ಕೂತು ಚಹಾ ಕುಡಿಯಲಾಗದು, ಮಾತಾಡಲಾಗದು, ಮಲಗಲಷ್ಟೇ ಅದು. ಟ್ರಾನ್ಸಾಟ್ ಎರಡಕ್ಕೂ ಬರುತ್ತದೆ. ಪೆರಿಯಾಂ ಬಗ್ಗೆ ನನಗೆ ಗೌರವ ಇದೆ, ಆದರೆ ಆ ಕುರ್ಚಿಯಲ್ಲಿ ಕೂತವನು ಪ್ರದರ್ಶನಕ್ಕಿಟ್ಟ ವಸ್ತುವಿನಂತೆ ಕಾಣುತ್ತಾನೆ. ಗ್ರೇಯ ಕುರ್ಚಿಯಲ್ಲಿ ಹಾಗಾಗುವುದಿಲ್ಲ.

ಇಷ್ಟು ದೂರ ಹೋಗದೆ ಭಾರತದಲ್ಲೇ ಹುಟ್ಟಿದ್ದು ಬೇಕೆನ್ನುವವರಿಗೆ ಚಂಡೀಗಢದ ತೇಗ ಮತ್ತು ಬೆತ್ತದ ಕುರ್ಚಿ ಇದೆ. ಸರ್ಕಾರಿ ಕಚೇರಿಗಳಿಗೆಂದು ಐವತ್ತರ ದಶಕದಲ್ಲಿ ಮಾಡಿ, ಆಮೇಲೆ ಗುಜರಿಗೆ ಹಾಕಿ, ಯುರೋಪಿನ ಹರಾಜುಗಳಲ್ಲಿ ಬೆಲೆ ಏರಿದ ಮೇಲೆ ಬಾಯಿ ಬಡಿದುಕೊಂಡ ಕುರ್ಚಿಗಳು ಅವು. ಅವಕ್ಕೂ ಜಾನ್ನರೆ ಹೆಸರೊಂದನ್ನೇ ಅಂಟಿಸುತ್ತಾರೆ. ಆ ತಂಡದಲ್ಲಿ ಊರ್ಮಿಳಾ ಯೂಲಿ ಚೌಧರಿ ಎಂಬ ಭಾರತೀಯ ವಾಸ್ತುಶಿಲ್ಪಿಯೂ ಇದ್ದರು, ಪೀಠೋಪಕರಣದ ಕೆಲಸದಲ್ಲಿ ಅವರ ಪಾಲೂ ಇತ್ತು. ನಮ್ಮ ಸೆಕೆಗೆ ಬೆತ್ತ ಚರ್ಮಕ್ಕಿಂತ ಸಾವಿರ ಪಾಲು ವಾಸಿ.

ಉಳಿದವು

ಹಗಲು ಮಂಚ, 1925ರದು, ಉಕ್ಕಿನ ಕೊಳವೆಯ ಮೇಲೆ ದಪ್ಪ ಮೆತ್ತೆ, ಒಂದು ಭಾಗಕ್ಕಷ್ಟೇ ಒರಗು. ನಮ್ಮ ಮನೆಗಳಲ್ಲಿ ದಿವಾನ ಇದೇ ಕೆಲಸವನ್ನು ಹತ್ತರಲ್ಲೊಂದು ಬೆಲೆಗೆ ಮಾಡುತ್ತದೆ. ಬಿಡಿ.

ಸ್ಯಾಟಲೈಟ್ ಕನ್ನಡಿ ಬೇರೆ ಮಾತು. ಗೋಡೆಯ ಮೇಲೆ ದುಂಡು ಕನ್ನಡಿ, ಅದರಿಂದ ಹೊರಟ ತೋಳಿನ ತುದಿಗೆ ಹಿಗ್ಗಿಸಿ ತೋರಿಸುವ ಪುಟ್ಟ ಕನ್ನಡಿ, ಬೇಕಾದ ಕಡೆಗೆ ತಿರುಗುತ್ತದೆ. ಕತ್ತಿನ ಹಿಂದೆ ಕ್ಷೌರ ಸರಿಯಾಗಿದೆಯೇ ಎಂದು ನೋಡಿಕೊಳ್ಳುವುದಕ್ಕೆ ಮಾಡಿದ್ದು. ಜಡೆಗೆ ಮಲ್ಲಿಗೆ ಮುಡಿದು ‘ಸರಿಯಾಗಿ ಕೂತಿದೆಯೇನೇ’ ಎಂದು ದಿನವೂ ಇನ್ನೊಬ್ಬರನ್ನು ಕರೆಯುವ ಮನೆಗಳಲ್ಲಿ ಇದಕ್ಕೆ ಬೇಡಿಕೆ ಬರಬೇಕಿತ್ತು. ಬಾಡಿಗೆ ಮನೆಯಲ್ಲಿ ಗೋಡೆ ಕೊರೆಯಲು ಮಾಲೀಕರು ಬಿಟ್ಟರೆ ಮೇಜಿನ ನಂತರ ನಾನು ಕೊಡುವ ಎರಡನೆಯ ಸ್ಥಾನ ಇದಕ್ಕೆ.

ಗ್ರೇಯ ಗೆರೆ ಮತ್ತು ವೃತ್ತಗಳ ಉಣ್ಣೆಯ ನೆಲಹಾಸುಗಳನ್ನೂ ಈಗ ಮತ್ತೆ ಮಾಡುತ್ತಾರೆ. ಆ ದುಡ್ಡಿಗೆ ನವಲಗುಂದದ ಜಮಖಾನೆ ಹತ್ತು ಬರುತ್ತವೆ, ಅವುಗಳ ರೇಖಾಗಣಿತವೂ ಏನೂ ಕಡಿಮೆಯದಲ್ಲ.

ಲ್ಯಾಕರ್ ಪರದೆಗಳ ಬಗ್ಗೆ ಒಂದು ಎಚ್ಚರಿಕೆ. ಈ ಪದವನ್ನು ಅರಗು ಎಂದು ಅನುವಾದಿಸಿ, ‘ನಮ್ಮ ಚನ್ನಪಟ್ಟಣದಲ್ಲಿ ಮಾಡಿಸೋಣ’ ಎಂದುಕೊಂಡವರನ್ನು ಬಲ್ಲೆ. ಎರಡೂ ಬೇರೆ. ಚನ್ನಪಟ್ಟಣದ ಅರಗು ಕೀಟದಿಂದ ಬರುತ್ತದೆ. ಲೇಥಿನಲ್ಲಿ ತಿರುಗುವ ಆಲೆ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೆ ಕರಗಿ ಕೂರುತ್ತದೆ. ಗ್ರೇ ಕಲಿತದ್ದು ಜಪಾನೀ ವಿದ್ಯೆ: ಒಂದು ಜಾತಿಯ ಮರದ ಹಾಲನ್ನು ಪದರದ ಮೇಲೆ ಪದರವಾಗಿ ಬಳಿದು, ಒಂದೊಂದನ್ನೂ ತೇವದ ಕೋಣೆಯಲ್ಲಿ ದಿನಗಟ್ಟಲೆ ಗಟ್ಟಿಯಾಗಲು ಬಿಟ್ಟು, ಉಜ್ಜಿ, ಮತ್ತೆ ಬಳಿಯುವುದು. ಆ ಹಾಲು ತಾಗಿ ಅವರ ಕೈಗಳಿಗೆ ಹುಣ್ಣಾಗಿತ್ತು. ಹೀಗೆ ಮಾಡಿದ ಡ್ರ್ಯಾಗನ್ ಕುರ್ಚಿಯೊಂದು 2009ರ ಫೆಬ್ರುವರಿಯಲ್ಲಿ, ವಸ್ತ್ರವಿನ್ಯಾಸಕ ಈವ್ ಸಾಂ ಲೊರಾಂ ಸಂಗ್ರಹದ ಹರಾಜಿನಲ್ಲಿ, 2 ಕೋಟಿ 19 ಲಕ್ಷ ಯೂರೋಗೆ ಹೋಯಿತು. ಆಗಿನ ಲೆಕ್ಕದಲ್ಲಿ ನೂರು ಕೋಟಿ ರೂಪಾಯಿಗೂ ಮೇಲೆ. ಅಲ್ಲಿಯವರೆಗೆ ಇಪ್ಪತ್ತನೆಯ ಶತಮಾನದ ಯಾವ ಪೀಠೋಪಕರಣಕ್ಕೂ ಹರಾಜಿನಲ್ಲಿ ಅಷ್ಟು ಬಂದಿರಲಿಲ್ಲ. ತಮಾಷೆಯೆಂದರೆ, ಆ ಶೈಲಿಯನ್ನೇ ಗ್ರೇ ಮುಂದೆ ಹಿಂದಕ್ಕೆ ಬಿಟ್ಟು, ಯಾರು ಬೇಕಾದರೂ ಎತ್ತಿ ಅತ್ತಿತ್ತ ಇಡಬಹುದಾದ ಉಕ್ಕಿನ ಮೇಜಿನ ಕಡೆಗೆ ನಡೆದರು.

ಅಸಲು, ಅಧಿಕೃತ, ನಕಲು, ಮಾಡಿಸಿದ್ದು

ಅಸಲು ವಸ್ತುಸಂಗ್ರಹಾಲಯಗಳಿಗೆ ಸೇರಿದ್ದು. ಅಧಿಕೃತ ಪ್ರತಿ ಬೇಕಾದರೆ ಅರಾಮ್ ಸಂಸ್ಥೆಯ ಪರವಾನಗಿಯಲ್ಲಿ ಮ್ಯೂನಿಕ್‌ನ ಕ್ಲಾಸಿಕಾನ್ ತಯಾರಿಸುವುದನ್ನು ನೋಡಿ. ಮೇಜು, ಬಿಬೆಂಡಮ್, ಒಂದೇ ತೋಳಿನ ಕುರ್ಚಿ, ಹಗಲು ಮಂಚ ಅಲ್ಲಿ ಸಿಗುತ್ತವೆ. ಟ್ರಾನ್ಸಾಟನ್ನು ಮತ್ತೆ ಮಾರುಕಟ್ಟೆಗೆ ತಂದದ್ದು ಆಂದ್ರೇ ಪುಟ್ಮನ್ ಎಂಬಾಕೆ ಪ್ಯಾರಿಸ್ಸಿನಲ್ಲಿ ಸ್ಥಾಪಿಸಿದ ಎಕಾರ್ ಸಂಸ್ಥೆ. ಬೆಲೆಯ ಜೊತೆಗೆ ಸಾಗಣೆ, ಆಮದು ಸುಂಕ ಸೇರಿಸಿ ಲೆಕ್ಕ ಹಾಕಿ. ಲಂಡನ್, ಲೀಸೆಸ್ಟರ್ ಕಡೆ ಇರುವ ಕನ್ನಡಿಗರು ಇನ್ನೊಂದು ವಿಷಯ ಗಮನಿಸಬೇಕು: ಬ್ರಿಟನ್ನಿನಲ್ಲಿ 2016ರಲ್ಲಿ ಕಾನೂನು ಬದಲಾಗಿ, ಇಂಥ ವಿನ್ಯಾಸಗಳಿಗೂ ಕರ್ತೃವಿನ ಮರಣದ ನಂತರ 70 ವರ್ಷದ ಹಕ್ಕು ಸಿಕ್ಕಿತು. ಅಗ್ಗದ ನಕಲು ಮಾರುವವರಿಗೆ ಅಲ್ಲೀಗ ದಾರಿ ಇಕ್ಕಟ್ಟು.

ಅಗ್ಗದ ನಕಲಿನ ದೋಷ ಮೂರು ಕಡೆ ಕಾಣುತ್ತದೆ. ಕೊಳವೆ ತೆಳ್ಳಗಿದ್ದು ಬಾಗಿಸಿದಲ್ಲಿ ಚಪ್ಪಟೆಯಾಗಿರುತ್ತದೆ. ಸೂಜಿಯ ರಂಧ್ರ ಸಡಿಲವಾಗಿ ಗಾಜು ಒಂದು ಕಡೆಗೆ ಇಳಿಯುತ್ತದೆ. ಕ್ರೋಮ್ ಲೇಪ ಒಂದೆರಡು ಮಳೆಗಾಲದಲ್ಲಿ ಗುಳ್ಳೆ ಎದ್ದು ಸುಲಿಯುತ್ತದೆ. ಉಡುಪಿ, ಕಾರವಾರದವರಿಗೆ ಕ್ರೋಮ್ ಬೇಡವೇ ಬೇಡ. ಕಡಲಿನ ಉಪ್ಪುಗಾಳಿಗೆ ಇ 1027 ಮನೆಯೇ ನಲುಗಿ, ದೊಡ್ಡ ದುರಸ್ತಿಯ ನಂತರ 2021ರಲ್ಲಿ ಮತ್ತೆ ತೆರೆಯಬೇಕಾಯಿತು. ಮನೆಗೇ ಆ ಗತಿಯಾದರೆ ಮೇಜಿನ ಕಾಲು ಯಾವ ಲೆಕ್ಕ.

ನಾನು ಮಾಡಿಸಿದೆ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಅಧಿಕೃತದ್ದಕ್ಕೆ ದುಡ್ಡಿರಲಿಲ್ಲ, ಅಷ್ಟೇ. ನಮ್ಮ ಬಡಾವಣೆಯ ಹತ್ತಿರ ಮೆಟ್ಟಿಲಿನ ಕಂಬಿ, ಗೇಟು ಮಾಡುವ ವರ್ಕ್‌ಶಾಪಿನವರಿಗೆ ಚಿತ್ರ ತೋರಿಸಿದೆ. ‘ಎಂಎಸ್ ಪೈಪಿನಲ್ಲಿ ಮಾಡಿ ಪೌಡರ್ ಕೋಟಿಂಗ್ ಕೊಡಲೇ, ಎಸ್ಎಸ್‌ನಲ್ಲಿ ಮಾಡಿ ಬಫಿಂಗ್ ಮಾಡಲೇ’ ಎಂದು ಕೇಳಿದರು. ಎಂಎಸ್ ಎಂದರೆ ಸಾದಾ ಉಕ್ಕು, ಎಸ್ಎಸ್ ಎಂದರೆ ಸ್ಟೇನ್‌ಲೆಸ್ ಸ್ಟೀಲು. ಎಸ್ಎಸ್‌ನಲ್ಲಿ 304 ದರ್ಜೆಯದು ಎಂದೆ. ಕರಾವಳಿಯವರು 316 ಕೇಳಬೇಕು, ದುಬಾರಿ ಆದರೂ ಉಪ್ಪನ್ನು ಹೆಚ್ಚು ತಾಳುತ್ತದೆ. ಪೈಪ್ ಬೆಂಡಿಂಗ್ ಮಾತ್ರ ಅವರ ಕೈಯಲ್ಲಿ ಆಗಲಿಲ್ಲ. ಅದಕ್ಕೆ ಪೀಣ್ಯದ ಕಡೆಯ ಬೇರೊಂದು ಘಟಕಕ್ಕೆ ಹೋಗಬೇಕಾಯಿತು. ಬಳೆ ನಿಜವಾದ ಬಳೆಯಾಗುವವರೆಗೆ ಮೂರು ಸಲ ಮಾಡಿಸಿದೆವು.

ದಂಡ ತೆತ್ತದ್ದು ಗಾಜಿನಲ್ಲಿ. ಟಫನ್ಡ್ ಗಾಜನ್ನು, ಅಂದರೆ ಕಾಯಿಸಿ ಗಟ್ಟಿಮಾಡುವ ಗಾಜನ್ನು, ಒಮ್ಮೆ ಹದಮಾಡಿದ ಮೇಲೆ ಕತ್ತರಿಸಲು, ಉಜ್ಜಿ ಸಣ್ಣದು ಮಾಡಲು ಆಗುವುದಿಲ್ಲ, ಪುಡಿಪುಡಿಯಾಗುತ್ತದೆ. ಇದು ಗೊತ್ತಿಲ್ಲದೆ ಬಳೆ ಸಿದ್ಧವಾಗುವ ಮೊದಲೇ ಚಿತ್ರದ ಅಳತೆಗೆ ಗಾಜು ಮಾಡಿಸಿಟ್ಟಿದ್ದೆ. ಬಳೆ ಬಂದಾಗ ಗಾಜು ಕೂದಲೆಳೆಯಷ್ಟು ದೊಡ್ಡದು, ಕೂರಲೇ ಇಲ್ಲ. ಅದೀಗ ತುಳಸಿಕಟ್ಟೆಯ ಪಕ್ಕ ಹೂವಿನ ಕುಂಡದ ಕೆಳಗಿದೆ. ಮೊದಲು ಬಳೆ, ಆಮೇಲೆ ಅದರ ಒಳಗಿನ ಅಳತೆ ತೆಗೆದು ಗಾಜು. 8 ಮಿಲಿಮೀಟರ್ ದಪ್ಪ ಸಾಕು, ಅಂಚನ್ನು ಪಾಲಿಶ್ ಮಾಡಿಸಿ.

ಮಾಡಿಸುವ ಮೊದಲು ಹಳೆಯ ರಟ್ಟಿನ ಪೆಟ್ಟಿಗೆಯಿಂದ ಇಪ್ಪತ್ತಿಂಚಿನ ಎರಡು ಚಕ್ರ ಕತ್ತರಿಸಿ, ಒಂದನ್ನು ಮಂಚದಡಿ ತಳ್ಳಿ, ಇನ್ನೊಂದನ್ನು ಹಾಸಿಗೆಯ ಮೇಲೆ ಹಿಡಿದು ನೋಡಿ. ಮಂಚದ ಅಡ್ಡಪಟ್ಟಿ ತಾಗುತ್ತದೆಯೇ, ಗೋಡೆ ಅಡ್ಡ ಬರುತ್ತದೆಯೇ, ರಾತ್ರಿ ಎದ್ದಾಗ ಕಾಲಿಗೆ ಸಿಗುತ್ತದೆಯೇ ಎಲ್ಲ ಐದು ನಿಮಿಷದಲ್ಲಿ ತಿಳಿಯುತ್ತದೆ. ವೆಲ್ಡಿಂಗಿನವರಿಗೆ ಸೂಜಿಯ ರಂಧ್ರಗಳನ್ನು ಒಂದೇ ಗೆರೆಯಲ್ಲಿ, ಡ್ರಿಲ್ ಸ್ಟ್ಯಾಂಡಿನಲ್ಲಿಟ್ಟೇ ಕೊರೆಯಲು ಹೇಳಿ. ಕೈಯಲ್ಲಿ ಹಿಡಿದು ಕೊರೆದರೆ ಗಾಜು ಜೀವಮಾನವಿಡೀ ಓರೆ. ಸೂಜಿಗೆ ಸರಪಳಿ ಬೇಡ, ಅದು ಬರಿ ಅಲಂಕಾರ ಎಂದು ಅವರು ಹೇಳಬಹುದು. ನನಗೂ ಹೇಳಿದ್ದರು, ನಾನೂ ಒಪ್ಪಿದ್ದೆ. ಎರಡನೆಯ ತಿಂಗಳಲ್ಲಿ ಸೂಜಿ ಎಲ್ಲೋ ಉರುಳಿಹೋಗಿ, ಹೊಸದು ಬರುವವರೆಗೆ ಒಂದು ವಾರ ನಮ್ಮ ಮೇಜು ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡು ನಿಂತಿತ್ತು.